ಆ ಕಪಾಟಿನ ಬೀಗ ತೆಗೆಸಿ ಕೊಡಿ

ಮಾನ್ಯ ನಗರಸೇವಕರೇ, ನಮಸ್ಕಾರ.

ಹೋದ ತಿಂಗಳು ನಮ್ಮ ಭಾಗದ ಕನ್ನಡ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಿದ್ದಿರಿ. ಮಕ್ಕಳಿಗೆ ವಿಜ್ಞಾನದ ಹುಚ್ಚು ಹಿಡಿಸಬೇಕು, ಅದಕ್ಕೆ ಪಕ್ಕದ ಗಾರ್ಡನ್ನಿನಲ್ಲಿ ಒಂದು ಫೈಬರ್ ರಾಕೆಟ್, ಎರಡು ಡೈನೋಸಾರ್ ನಿಲ್ಲಿಸುತ್ತೇನೆ ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮೂರನೇ ಸಾಲಿನಲ್ಲಿ ಬಿಳಿ ಟೋಪಿ ಹಾಕಿಕೊಂಡು ಕೂತಿದ್ದ ಮುದುಕ ನಾನೇ. ನೀವು ಮಾತಾಡುತ್ತಿದ್ದಾಗ ನಿಮ್ಮ ಬೆನ್ನ ಹಿಂದೆ, ಬ್ಯಾನರಿನ ಮರೆಯಲ್ಲಿ, ಒಂದು ಸ್ಟೀಲ್ ಕಪಾಟು ಇತ್ತು. ಈ ಪತ್ರ ಆ ಕಪಾಟಿನ ಬಗ್ಗೆ.

ಕನ್ನಡದಲ್ಲಿ ಬರೆಯುವುದಕ್ಕೆ ನೀವೇ ಕಾರಣ. ಭಾಷಣ ಶುರು ಮಾಡಿದ್ದು ಕನ್ನಡದಲ್ಲಿ. ನಿಮ್ಮ ಅಜ್ಜ ಕುಂದಾಪುರದ ಕಡೆಯಿಂದ ಬಂದು ಮುಂಬೈಯ ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದವರು ಎಂದಿರಿ. ನನ್ನದೂ ಅದೇ ಕತೆ. ಮರಾಠಿ ಪ್ರತಿಯನ್ನು ನಿಮ್ಮ ಆಫೀಸಿಗೆ ಕೊಟ್ಟು ಶಿಕ್ಕಾ ಹಾಕಿಸಿಕೊಂಡಿದ್ದೇನೆ. 2022ರ ಮಾರ್ಚ್‌ನಲ್ಲಿ ಹಿಂದಿನವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಹೀಗೆ ಶಿಕ್ಕಾ ಹಾಕಲು ನಗರಸೇವಕರೇ ಇರಲಿಲ್ಲ. ಈಗ ಸಿಕ್ಕಿದ್ದೀರಿ, ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಕಪಾಟಿನಲ್ಲಿ ಏನಿದೆ ಹೇಳುತ್ತೇನೆ. ಪ್ಲಾಸ್ಟಿಕ್ ಕವರ್ ಕೂಡ ತೆಗೆಯದ ಒಂದು ಮೈಕ್ರೋಸ್ಕೋಪು. ಎರಡು ಸ್ಪ್ರಿಂಗ್ ತಕ್ಕಡಿ. ನಾಲ್ಕು ಡಜನ್ ಟೆಸ್ಟ್ ಟ್ಯೂಬು, ಎಲ್ಲವೂ ಹುಲ್ಲಿನಲ್ಲಿ ಸುತ್ತಿದ ಹಾಗೇ ಇವೆ. ಅಯಸ್ಕಾಂತಗಳು. ಒಂದು ಪ್ರಿಸಮ್. ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದು. ಎಲ್ಲವೂ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ, ಅಂದರೆ ಶಾಲೆಯ ಸಾಮಾನಿನ ಪಟ್ಟಿಯಲ್ಲಿ, ಬರೆದಿವೆ. ಬೀಗದ ಕೈ ಒಬ್ಬ ಟೀಚರ ಪರ್ಸಿನಲ್ಲಿದೆ.

ಆ ಟೀಚರನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಒಳ್ಳೆಯ ಹೆಂಗಸು, ಪಾಠ ಚೆನ್ನಾಗಿ ಮಾಡುತ್ತಾರೆ. ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಏನಾದ್ರೂ ಒಡೆದ್ರೆ ಬರೆದು ಕೊಡಬೇಕು ಅಣ್ಣಾ. ನಾಳೆ ರಿಟೈರ್ ಆಗುವಾಗ ಪಟ್ಟಿ ತಾಳೆ ಆಗದಿದ್ರೆ ಯಾರು ಬರ್ತಾರೆ ನನ್ನ ಹಿಂದೆ?" ಅವರ ಹೆದರಿಕೆ ನನಗೆ ಅರ್ಥ ಆಗುತ್ತದೆ. 34 ವರ್ಷ ಒಂದು ಕಾಲೇಜಿನಲ್ಲಿ ಲ್ಯಾಬ್ ಅಸಿಸ್ಟೆಂಟ್ ಆಗಿದ್ದೆ. ನನ್ನ ಅರ್ಧ ಆಯುಷ್ಯ ಬ್ರೇಕೇಜ್ ರಿಜಿಸ್ಟರ್ ಬರೆಯುವುದರಲ್ಲೇ ಕಳೆದಿದೆ. ಬ್ಯೂರೆಟ್ ಒಂದು, ಬೀಕರ್ ಮೂರು, ಥರ್ಮಾಮೀಟರ್ ಒಂದು. ವರ್ಷ ಶುರುವಾಗುವಾಗಲೇ ಡಿಪಾಸಿಟ್ ಕಟ್ಟಿಸಿಕೊಂಡು, ಒಡೆದಷ್ಟು ಕಳೆದು, ಉಳಿದದ್ದನ್ನು ವಾಪಸ್ ಕೊಡುತ್ತಿದ್ದೆವು. ಒಂದು ವಿಷಯ ಅಲ್ಲಿ ಕಲಿತೆ. ಯಾವ ಬ್ಯಾಚಿನಲ್ಲಿ ಏನೂ ಒಡೆಯುವುದಿಲ್ಲವೋ ಆ ಬ್ಯಾಚು ಏನೂ ಮಾಡಿರುವುದಿಲ್ಲ. ರೀಡಿಂಗ್ ಎಲ್ಲ ಪಕ್ಕದವನಿಂದ ಕಾಪಿ.

ದೀಪಾವಳಿ ಹೊತ್ತಿಗೆ ಟೀಚರನ್ನು ಒಪ್ಪಿಸಿ ಕಪಾಟು ತೆಗೆಸಿದೆ. ನನ್ನ ಅನುಮಾನ ನಿಜವಾಗಿತ್ತು. ಮೈಕ್ರೋಸ್ಕೋಪಿನ ಲೆನ್ಸಿಗೆ ಬೂಷ್ಟು ಹಿಡಿದಿತ್ತು, ಜೇಡರ ಬಲೆಯ ಹಾಗೆ. ಮುಂಬೈ ಮಳೆಗಾಲದ ಥಂಡಿಯಲ್ಲಿ ಮುಚ್ಚಿಟ್ಟ ಲೆನ್ಸಿನ ಗತಿ ಅದೇ. ಅಯಸ್ಕಾಂತಗಳ ತುದಿಗೆ ಇಡುವ ಕಬ್ಬಿಣದ ಪಟ್ಟಿ ಯಾವತ್ತೋ ಕಳೆದುಹೋಗಿತ್ತು. ಅದಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಅವುಗಳ ಶಕ್ತಿ ಇಳಿಯುತ್ತದೆ. ಒಂದು ಗುಂಡುಸೂಜಿಯನ್ನು ಕಷ್ಟಪಟ್ಟು ಎತ್ತಿದವು. ಮಕ್ಕಳು ಮುಟ್ಟಿದರೆ ಹಾಳಾಗುತ್ತದೆ ಅಂತ ಕಾಪಾಡಿದ ಸಾಮಾನು ಯಾರೂ ಮುಟ್ಟದೆಯೇ ಹಾಳಾಗಿತ್ತು. ರಿಜಿಸ್ಟರಿನಲ್ಲಿ ಮಾತ್ರ ಎಲ್ಲ ಸರಿಯಾಗಿದೆ.

ನಾನು 1971ರಲ್ಲಿ, 13ನೇ ವಯಸ್ಸಿಗೆ ಮುಂಬೈಗೆ ಬಂದೆ. ಹಗಲು ಹೋಟೆಲು, ರಾತ್ರಿ ಶಾಲೆ. ರಾತ್ರಿ ಶಾಲೆಯಲ್ಲಿ ಲ್ಯಾಬ್ ಎಲ್ಲಿಂದ ಬರಬೇಕು? ನಮ್ಮ ವಿಜ್ಞಾನದ ಮೇಷ್ಟ್ರು ಒಂದು ದಿನ ನನಗೆ ಹೋಟೆಲಿನಿಂದ ಒಂದು ಆಲೂಗಡ್ಡೆ, ಒಂದು ಪೊಟ್ಟಣ ಉಪ್ಪು ತರಲು ಹೇಳಿದರು. ಬಕೆಟ್ ನೀರಿಗೆ ಆಲೂಗಡ್ಡೆ ಹಾಕಿದರು, ಮುಳುಗಿತು. ಉಪ್ಪು ಸುರಿಯುತ್ತಾ ಹೋದರು, ಕಲಕುತ್ತಾ ಹೋದರು. ಪೊಟ್ಟಣ ಖಾಲಿಯಾಯಿತು, ಆಲೂಗಡ್ಡೆ ಜಪ್ಪಯ್ಯ ಅನ್ನಲಿಲ್ಲ. ಮರುದಿನ ಇನ್ನಷ್ಟು ಉಪ್ಪು ಹೊತ್ತುಕೊಂಡು ಹೋದೆ. ಆಗ ಎದ್ದಿತು ನೋಡಿ ಮೇಲಕ್ಕೆ! ಆ ಆಲೂಗಡ್ಡೆಯ ಜೊತೆ ನಾನೂ ಎದ್ದೆ ಅಂತಲೇ ನನ್ನ ಲೆಕ್ಕ. ಹೋಟೆಲಿನ ಧಣಿ ಮಾತ್ರ ಎರಡು ದಿನ ಉಪ್ಪಿನ ಲೆಕ್ಕ ಕೇಳಿದರು.

ಈಗ ಶನಿವಾರ ಶನಿವಾರ ಆ ಶಾಲೆಗೆ ಹೋಗಿ ಮಕ್ಕಳ ಜೊತೆ ಎರಡು ಗಂಟೆ ಕೂರುತ್ತೇನೆ. ಮಕ್ಕಳು ಜಾಸ್ತಿ ಯಾದಗಿರಿ, ಕಲಬುರಗಿ ಕಡೆಯವರು. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ನನ್ನನ್ನು ಮುತ್ಯಾ ಅನ್ನುತ್ತಾರೆ. ಮಕ್ಕಳಲ್ಲಿ ಕುತೂಹಲ ಹುಟ್ಟಿಸಬೇಕು ಅಂತ ನೀವು ಅಂದಿರಲ್ಲ, ಅದನ್ನು ಕೇಳಿದಾಗ ನನಗೆ ಒಳಗೇ ನಗು ಬಂತು. ಈ ಮಕ್ಕಳ ಕುತೂಹಲದಿಂದ ತಪ್ಪಿಸಿಕೊಳ್ಳುವುದೇ ನನ್ನ ಸಮಸ್ಯೆ.

ಹೋದ ಜುಲೈನಲ್ಲಿ ಆರನೇ ಕ್ಲಾಸಿನ ಒಬ್ಬ ಹುಡುಗಿ ಕೇಳಿದಳು: "ಮುತ್ಯಾ, ನಮ್ಮ ಮನಿ ಹಿಂದಿನ ನಾಲಾದಾಗ ನೀರು ಒಮ್ಮೊಮ್ಮೆ ಹಿಂದಕ್ಕ ಯಾಕ ಬರ್ತದ?"

ಪುಸ್ತಕದಲ್ಲಿ ನದಿ ಸಮುದ್ರ ಸೇರುತ್ತದೆ ಅಂತ ಇದೆ. ಇವಳ ನಾಲಾ ಸಮುದ್ರದಿಂದ ಮನೆಗೆ ಬರುತ್ತದೆ. ನಾನು ಉತ್ತರ ಹೇಳಲಿಲ್ಲ. ನಾಲಾದ ಸೇತುವೆಯ ಕಂಬಕ್ಕೆ, ಪೇಂಟರ್ ಕೆಲಸ ಮಾಡುವ ಅವಳ ಅಪ್ಪನ ಕೈಯಲ್ಲಿ ಗೇಣಿಗೊಂದು ಗೆರೆ ಹಾಕಿಸಿದೆವು. ಐದು ಮಕ್ಕಳು ಸರದಿ ಮೇಲೆ, ನೀರು ಎಷ್ಟು ಗಂಟೆಗೆ ಎಲ್ಲಕ್ಕಿಂತ ಮೇಲೆ ಬರುತ್ತದೆ ಅಂತ ಎಂಟು ದಿನ ಬರೆದರು. ಮಳೆ ಇಲ್ಲದ ದಿನವೂ ನೀರು ಏರುತ್ತಿತ್ತು, ದಿನಕ್ಕೆ ಎರಡು ಸಲ. ಅದೂ ದಿನ ದಿನ ತಡವಾಗುತ್ತಾ ಹೋಗುತ್ತಿತ್ತು. ಒಂದು ದಿನ 45 ನಿಮಿಷ, ಇನ್ನೊಂದು ದಿನ ಸುಮಾರು ಒಂದು ಗಂಟೆ. ಅವರ ಹತ್ತಿರ ಗಡಿಯಾರ ಸರಿ ಇಲ್ಲ ಅಂತ ಜಗಳ ಬೇರೆ ಆಯಿತು.

ಆಮೇಲೆ ಅಂಗಳದಲ್ಲಿ ಆಟ ಆಡಿಸಿದೆ. ಒಬ್ಬಳು ಭೂಮಿ, ನಿಂತಲ್ಲೇ ತಿರುಗಬೇಕು. ಇನ್ನೊಬ್ಬಳು ಚಂದ್ರ, ಅವಳ ಸುತ್ತ ಮೆಲ್ಲಗೆ ನಡೆಯಬೇಕು. ಭೂಮಿ ಒಂದು ಸುತ್ತು ಮುಗಿಸಿ ನೋಡಿದರೆ ಚಂದ್ರ ಮೊದಲಿನ ಜಾಗದಲ್ಲಿ ಇಲ್ಲ, ಸ್ವಲ್ಪ ಮುಂದೆ ಹೋಗಿದ್ದಾಳೆ. ಅವಳ ಎದುರು ಬರಲು ಇನ್ನೂ ಸ್ವಲ್ಪ ತಿರುಗಬೇಕು. ಆ ಇನ್ನೂ ಸ್ವಲ್ಪವೇ ದಿನಕ್ಕೆ ಸುಮಾರು 50 ನಿಮಿಷ. ಸಮುದ್ರದ ಉಬ್ಬರ ತಡವಾಗುವುದು ಅದಕ್ಕೆ. ಉಬ್ಬರದ ಹೊತ್ತಿಗೆ ಸಮುದ್ರದ ಮಟ್ಟ ನಾಲಾದ ಬಾಯಿಗಿಂತ ಮೇಲೆ ಬಂದರೆ ನೀರು ಒಳಗೆ ನುಗ್ಗುತ್ತದೆ. ಅದೇ ಹೊತ್ತಿಗೆ ಜೋರು ಮಳೆ ಬಂದರೆ ನಮ್ಮ ಗಲ್ಲಿ ಮುಳುಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದು ಇವರ ಅಪ್ಪ ಅಮ್ಮಂದಿರಿಗೆ ಇನ್ನೂ ನೆನಪಿದೆ. ಮಳೆಗಾಲದಲ್ಲಿ ಭರತಿ, ಅಂದರೆ ಉಬ್ಬರ, ಎಷ್ಟು ಮೀಟರ್ ಅಂತ ಪೇಪರಿನಲ್ಲಿ ಬರುತ್ತದಲ್ಲ, ಈಗ ಅದನ್ನು ಮನೆಯಲ್ಲಿ ಓದಿ ಹೇಳುವುದು ಮಕ್ಕಳ ಕೆಲಸ.

"ಅಂದ್ರ ನಮ್ಮ ನಾಲಾಕ್ಕೂ ಚಂದ್ರಗೂ ಸಂಬಂಧ ಅದ!" ಎಂದಳು ಆ ಹುಡುಗಿ. ಅವಳ ಮುಖ ನೀವು ನೋಡಬೇಕಿತ್ತು.

ಇಳಿತ ಆದಾಗ ಏನಾಗುತ್ತದೆ ಅಂತ ನೋಡಲು ಜನವರಿಯಲ್ಲಿ, ಅಮಾವಾಸ್ಯೆಯ ಹತ್ತಿರದ ಒಂದು ಭಾನುವಾರ, 11 ಮಕ್ಕಳನ್ನು ಬಾಂದ್ರಾದ ಬಂಡೆಗಳ ತೀರಕ್ಕೆ ಕರೆದುಕೊಂಡು ಹೋದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ. ನೀರು ಸರಿದ ಮೇಲೆ ಬಂಡೆಯ ಗುಂಡಿಗಳಲ್ಲಿ ಒಂದು ಬೇರೆ ಲೋಕವೇ ಇರುತ್ತದೆ. ಮುಟ್ಟಿದರೆ ಮುದುಡಿಕೊಳ್ಳುವ, ಹೂವಿನ ಹಾಗೆ ಕಾಣುವ ಪ್ರಾಣಿ. ಬಂಡೆಗೆ ಸಿಮೆಂಟ್ ಹಾಕಿ ಅಂಟಿಸಿದ ಹಾಗೆ ಕೂತ ಚಿಪ್ಪುಗಳು. ಖಾಲಿ ಶಂಖದೊಳಗೆ ಸಂಸಾರ ಹೂಡಿದ ಸನ್ಯಾಸಿ ಏಡಿ. ಅದು ಬೆಳೆದ ಹಾಗೆ ದೊಡ್ಡ ಶಂಖ ಹುಡುಕಿಕೊಂಡು ಹೋಗುತ್ತದೆ ಅಂದೆ. ಒಬ್ಬ ಹುಡುಗ ತಟ್ಟನೆ ಕೇಳಿದ: "ಹನ್ನೊಂದು ತಿಂಗಳಿಗೊಮ್ಮೆ ಏನ್ ಮುತ್ಯಾ?" ಬಾಡಿಗೆ ಕರಾರು ಮುಗಿದಾಗಲೆಲ್ಲ ಖೋಲಿ ಬದಲಾಯಿಸುವ ಮನೆಯ ಹುಡುಗ.

ಟೀಚರ್ ಆ ದಿನ ಬಂದಿದ್ದರು, ಆದರೆ ಟೀಚರಾಗಿ ಬರಲಿಲ್ಲ. ಪರ್ಮಿಷನ್ ಸಿಗುವ ಹಾಗಿರಲಿಲ್ಲ. ಮಗಳನ್ನು ಕರೆದುಕೊಂಡು ಸುಮ್ನೆ ತಿರುಗಾಡಲು ಬಂದ ಹಾಗೆ ಬಂದರು. ಚಪ್ಪಲಿ ಬೇಡ, ಬೂಟು ಹಾಕಿ ಅಂತ ಹೇಳಿದ್ದೆವು. ಎತ್ತಿದ ಕಲ್ಲನ್ನು ಮೊದಲಿನ ಹಾಗೇ ಇಡಬೇಕು, ಜೀವ ಇರುವ ಯಾವುದನ್ನೂ ಮನೆಗೆ ಒಯ್ಯಬಾರದು, ನೀರು ತಿರುಗುವ ಮೊದಲೇ ಹೊರಡಬೇಕು. ಮಳೆಗಾಲದಲ್ಲಿ ಕುಟುಕುವ ನೀಲಿ ಜೆಲ್ಲಿಗಳು ದಡಕ್ಕೆ ಬರುತ್ತವೆ, ಆಗ ಹೋಗುವುದೇ ಬೇಡ. ಇಷ್ಟೇ ನಿಯಮ. ಯಾರಿಗೂ ಏನೂ ಆಗಲಿಲ್ಲ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಮೇ 15ರ ಸುಮಾರಿಗೆ ಮುಂಬೈಯಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಚಾಳಿನ ಟೆರೇಸಿನಲ್ಲಿ ಒಂದು ಬಾಟಲಿ ನಿಲ್ಲಿಸಿ ಕಾದೆವು. 12.35ರ ಹೊತ್ತಿಗೆ ನೆರಳು ಬಾಟಲಿಯ ಬುಡಕ್ಕೇ ಸೇರಿ ಮಾಯವಾಯಿತು. ಹನ್ನೆರಡಕ್ಕೆ ಯಾಕೆ ಆಗಲಿಲ್ಲ? ನಮ್ಮ ಗಡಿಯಾರ ಇರುವುದು ದೂರದ ಉತ್ತರ ಪ್ರದೇಶದ ಮಿರ್ಜಾಪುರದ ಕಡೆಯ ಸೂರ್ಯನಿಗೆ, ಮುಂಬೈಗೆ ಸೂರ್ಯ ಅರ್ಧ ಗಂಟೆಗೂ ಜಾಸ್ತಿ ತಡವಾಗಿ ಬರುತ್ತಾನೆ. ಒಬ್ಬ ಹುಡುಗ ಯಾದಗಿರಿಗೆ ಫೋನ್ ಮಾಡಿ ತಮ್ಮನಿಗೆ ಹೇಳಿದ. ಅಲ್ಲಿ ಅದು ಸುಮಾರು ಒಂದು ವಾರ ಮೊದಲೇ ಆಗಿಹೋಗಿತ್ತು, ಸೂರ್ಯ ದಕ್ಷಿಣದಿಂದ ಬರುತ್ತಾನಲ್ಲ. ಖರ್ಚು? ಒಂದು ಖಾಲಿ ಬಾಟಲಿ.

ನಮ್ಮ ಊರಿಗೆ ಇದು ಹೊಸದೇನಲ್ಲ. 1896ರಲ್ಲಿ ಇಲ್ಲೇ ಹುಟ್ಟಿದ ಪಕ್ಷಿತಜ್ಞ ಸಲೀಂ ಅಲಿ ಚಿಕ್ಕವರಿದ್ದಾಗ ಕತ್ತಿನಲ್ಲಿ ಹಳದಿ ಮಚ್ಚೆ ಇದ್ದ ಗುಬ್ಬಿ ಹಿಡಿದುಕೊಂಡು, ಇದು ಯಾವ ಹಕ್ಕಿ ಅಂತ ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋಗಿದ್ದರು. ಅಲ್ಲಿನ ಕಾರ್ಯದರ್ಶಿ ಮಿಲಾರ್ಡ್ ಹುಡುಗನನ್ನು ಗದರಿಸಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಡ್ರಾಯರುಗಳನ್ನು ಎಳೆದು, ಸಂಗ್ರಹಿಸಿಟ್ಟ ಹಕ್ಕಿಗಳನ್ನು ತೋರಿಸಿದರು. ಡೆಡ್ ಸ್ಟಾಕ್ ಅಂತ ಬೀಗ ಹಾಕಿಟ್ಟಿದ್ದರೆ ಏನಾಗುತ್ತಿತ್ತೋ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ರಾಕೆಟ್ ನಿಲ್ಲಿಸಿ. ಒಂದು ಡೈನೋಸಾರೂ ಇರಲಿ, ಚಿಕ್ಕ ಮಕ್ಕಳು ಅದರ ಬೆನ್ನೇರಿ ಫೋಟೋ ತೆಗೆಸಿಕೊಳ್ಳುತ್ತವೆ. ಎರಡನೇ ಡೈನೋಸಾರನ್ನು ನಮಗೆ ಬಿಟ್ಟುಕೊಡಿ. ಆ ದುಡ್ಡಿನಲ್ಲಿ ಶಾಲೆಗೆ ಒಂದು ಒಡೆಯುವ ಖಾತೆ ಮಾಡಿ. ಇಂತಿಷ್ಟು ರೂಪಾಯಿಯ ಸಾಮಾನು ವರ್ಷಕ್ಕೆ ಒಡೆಯಬಹುದು, ಟೀಚರನ್ನು ಯಾರೂ ಕೇಳುವುದಿಲ್ಲ ಅಂತ ಶಾಲೆಯವರಿಂದ ಬರೆಸಿಕೊಡಿ. ಈ ಕಾಗದ ಎಲ್ಲಕ್ಕಿಂತ ಮುಖ್ಯ, ದುಡ್ಡಿಗಿಂತಲೂ. ವರ್ಷಕ್ಕೆ ಎರಡು ಸಲ ಇಳಿತದ ಹೊತ್ತಿಗೆ ಒಂದು ಬಸ್ಸು ಮತ್ತು ಪರ್ಮಿಷನ್ ಪತ್ರ ಕೊಡಿಸಿ. ಚಳಿಗಾಲದಲ್ಲಿ ಶಿವಡಿಯ ಕೆಸರಿಗೆ ಬರುವ ಫ್ಲೆಮಿಂಗೊಗಳನ್ನೂ ತೋರಿಸಬಹುದು. ಧಾರಾವಿ ಪಕ್ಕದ ನೇಚರ್ ಪಾರ್ಕಿಗೂ ಹೋಗಬಹುದು, ಒಂದು ಕಾಲದಲ್ಲಿ ಕಸದ ಗುಡ್ಡೆಯಾಗಿದ್ದ ಜಾಗ ಅದು. ವರ್ಳಿಯ ನೆಹರು ಸೈನ್ಸ್ ಸೆಂಟರಿಗೆ ಶಾಲೆ ಹೇಗೂ ಕರೆದುಕೊಂಡು ಹೋಗುತ್ತದೆ. ಒಳ್ಳೆಯ ಜಾಗ, ಆದರೆ ಲೈನು ಕಟ್ಟಿಸಿ, ಡಬ್ಬಿ ತಿನ್ನಿಸಿ, ಮೂರು ಗಂಟೆಯಲ್ಲಿ ವಾಪಸ್ ತಂದರೆ ಏನು ನೋಡುತ್ತಾರೆ ಹೇಳಿ?

ಮೈಕ್ರೋಸ್ಕೋಪಿನ ಲೆನ್ಸು ಕ್ಲೀನ್ ಮಾಡಿಸಲು ನನಗೆ ಗೊತ್ತಿದೆ. ಅಷ್ಟರವರೆಗೆ ವಿಜ್ಞಾನಿ ಮನು ಪ್ರಕಾಶ್ ಮತ್ತು ಅವರ ಜೊತೆಗಾರರು ಸ್ಟ್ಯಾನ್‌ಫರ್ಡಿನಲ್ಲಿ ಮಾಡಿದ ಕಾಗದದ ಮೈಕ್ರೋಸ್ಕೋಪು, ಫೋಲ್ಡ್‌ಸ್ಕೋಪು, ಸಾಕು. ಮಡಚಿ ಜೇಬಿಗೆ ಹಾಕಿಕೊಳ್ಳಬಹುದು. ಹರಿದರೆ ಹರಿಯಲಿ. ನಿಮ್ಮ ನಿಧಿಯಲ್ಲಿ ಇದಕ್ಕೆಲ್ಲ ಜಾಗ ಇಲ್ಲ ಅಂತಾದರೆ ಗಣಪತಿ ಮಂಡಳದವರಿಗೆ ಒಂದು ಮಾತು ಹೇಳಿ. ವರ್ಗಣಿ (ಚಂದಾ) ಎತ್ತುವುದರಲ್ಲಿ ಅವರು ಯಾರಿಗೂ ಕಡಿಮೆ ಇಲ್ಲ.

ಕೊನೆಗೆ, ಆ ಹುಡುಗಿಯ ಎರಡನೇ ಪ್ರಶ್ನೆ ನನ್ನ ಹತ್ತಿರ ಬಾಕಿ ಉಳಿದಿದೆ. ಚಂದ್ರನ ಕತೆಯೆಲ್ಲ ಕೇಳಿ ಆದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಸಮುದ್ರ ಎಷ್ಟು ಗಂಟೆಗೆ ಬರ್ತದ ಅಂತ ಮೊದಲೇ ಗೊತ್ತಿದ್ರ, ನಾಲಾಕ್ಕ ಬಾಗಿಲಾ ಯಾಕ ಹಚ್ಚಂಗಿಲ್ಲ?" ಹಚ್ಚುತ್ತಾರಮ್ಮಾ ಅಂದೆ. ಹಾಜಿ ಅಲಿಯಲ್ಲಿ, ಜುಹೂ ಕಡೆಯ ಇರ್ಲಾದಲ್ಲಿ ಪಂಪಿಂಗ್ ಸ್ಟೇಷನ್ ಇದೆ. ಉಬ್ಬರ ಬಂದಾಗ ಗೇಟು ಮುಚ್ಚಿ, ಮಳೆ ನೀರನ್ನು ಪಂಪಿನಲ್ಲಿ ಎತ್ತಿ ಸಮುದ್ರಕ್ಕೆ ಹಾಕುತ್ತಾರೆ ಅಂತ ಚಿತ್ರ ಬರೆದು ತೋರಿಸಿದೆ. "ಮತ್ತ ನಮ್ಮ ನಾಲಾಕ್ಕ ಯಾವಾಗ?" ಎಂದಳು.

ಅದು ವಿಜ್ಞಾನದ ಪ್ರಶ್ನೆ ಅಲ್ವಲ್ಲ. ನಗರಸೇವಕರನ್ನು ಕೇಳಿ ಹೇಳುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಶನಿವಾರ ಹನ್ನೊಂದು ಗಂಟೆಗೆ ನಾವು ಶಾಲೆಯಲ್ಲಿ ಇರುತ್ತೇವೆ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರ,
ನಿವೃತ್ತ ಲ್ಯಾಬ್ ಅಸಿಸ್ಟೆಂಟ್, ಮುಂಬೈ