ಹಾಡಿನ ಹಿಂದಿರುವವರಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

1960ರ ದಶಕದ ಅಮೆರಿಕದ ಪಾಪ್ ಸಂಗೀತವೆಂದರೆ ನಮ್ಮಲ್ಲಿ ಬೀಚ್ ಬಾಯ್ಸ್ ತಂಡದ ಹೆಸರಿನಾಚೆಗೆ ಮಾತು ಸಾಗುವುದು ಕಡಿಮೆ. ಅದೇ ಕಾಲದಲ್ಲಿ ಕೊರಳುಗಳ ಮೇಲೆ ಕೊರಳುಗಳನ್ನು ಪದರಪದರವಾಗಿ ಹೆಣೆದು 'ಸನ್‌ಶೈನ್ ಪಾಪ್' ಎಂಬ ಹಿತವಾದ ಶೈಲಿಯನ್ನು ರೂಪಿಸಿದವರಲ್ಲಿ ಗಾಯಕ, ನಿರ್ಮಾಪಕ (ಹಾಡಿನ ಧ್ವನಿಮುದ್ರಣವನ್ನು ರೂಪಿಸಿ ನಿರ್ದೇಶಿಸುವವರು) ಕರ್ಟ್ ಬೆಚರ್ ಪ್ರಮುಖರು. 1966ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿದ 'ಚೆರಿಶ್' ಹಾಡನ್ನು 'ದಿ ಅಸೋಸಿಯೇಷನ್' ತಂಡಕ್ಕಾಗಿ ನಿರ್ಮಿಸಿದವರು ಅವರೇ.

ಆದರೆ ಅವರ ಪ್ರತಿಭೆಯ ನಿಜವಾದ ಎತ್ತರ ಕಾಣುವುದು 1968ರಲ್ಲಿ 'ದಿ ಮಿಲೆನಿಯಮ್' ತಂಡದೊಡನೆ ಹೊರತಂದ 'ಬಿಗಿನ್' ಆಲ್ಬಮ್‌ನಲ್ಲಿ. ಎಂಟು ಟ್ರ್ಯಾಕಿನ, ಅಂದರೆ ಎಂಟು ಧ್ವನಿಪದರಗಳನ್ನು ಬೇರೆಬೇರೆಯಾಗಿ ಮುದ್ರಿಸುವ, ಎರಡು ಯಂತ್ರಗಳನ್ನು ಜೋಡಿಸಿ, ಅಪಾರ ಹಣ ಮತ್ತು ಶ್ರಮ ಸುರಿದು ಮಾಡಿದ ಆ ಕೃತಿ ಮಾರಾಟದಲ್ಲಿ ಸೋತಿತು; 1987ರಲ್ಲಿ, 43ರ ವಯಸ್ಸಿನಲ್ಲಿ ಅವರು ತೀರಿಕೊಂಡ ಬಳಿಕವಷ್ಟೇ ಮರುಬಿಡುಗಡೆಗಳ ಮೂಲಕ ಅದಕ್ಕೆ ಹೊಸ ಕೇಳುಗರು ದೊರೆತರು. ಇದು ನನಗೆ ತೀರ ನೋವಿನ ಸಂಗತಿ.

ಹಾಡುತ್ತಾ ಯಕ್ಷಗಾನವನ್ನು ನಡೆಸುವ ಭಾಗವತರಿಲ್ಲದೆ ಆಟವಿಲ್ಲ ಎಂಬುದು ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಾದ ಕುಂಬಳೆಯ ಸೀಮೆಯವರಾದ ನಮಗೆ ಹೊಸತಲ್ಲ. ಧ್ವನಿಮುದ್ರಣದಲ್ಲಿ ನಿರ್ಮಾಪಕನದೂ ಅಂಥದೇ ಸ್ಥಾನ. ತಮ್ಮ ಪತ್ರಿಕೆಯ ಸಂಗೀತ ಪುಟದಲ್ಲಿ ಬೆಚರ್ ಅವರಂಥ ನಿರ್ಮಾಪಕರ ಕುರಿತು, ಹಾಗೆಯೇ ನಮ್ಮ ಭಾವಗೀತೆಗಳ ಧ್ವನಿಸುರುಳಿಗಳಿಗೆ ವಾದ್ಯ ಸಂಯೋಜಿಸಿದವರ ಕುರಿತೂ ಲೇಖನಗಳನ್ನು ಪ್ರಕಟಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಓರ್ವ ಓದುಗ, ಬದಿಯಡ್ಕ, ಕಾಸರಗೋಡು ಜಿಲ್ಲೆ