ಸಹಿ ಹಾಕಿಸುವ ಮೊದಲು ಕನ್ನಡದಲ್ಲಿ ಓದಿ ಹೇಳಲಿ

ಮಾನ್ಯ ಸಂಪಾದಕರೇ,

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ. ಪಕ್ಕದ ಮನೆಯವರ ಗಡಿ ತಕರಾರಿನ ಸಿವಿಲ್ ಕೇಸಿನಲ್ಲಿ ನನ್ನ ಅಮ್ಮ ಸಾಕ್ಷಿ. ಅಡಿಕೆ ತೋಟದ ಮೂಲೆಯ ಸರ್ವೆ ಕಲ್ಲು ಮೊದಲು ಎಲ್ಲಿತ್ತು ಎಂದು ಅವರಿಗೆ ಚೆನ್ನಾಗಿ ಗೊತ್ತು. ಅದರ ಪಕ್ಕದಲ್ಲೇ ದನ ಮೇಯಲು ಕಟ್ಟುತ್ತಿದ್ದವರು. ಕೋರ್ಟಿನಲ್ಲಿ ಅದನ್ನೇ ಕನ್ನಡದಲ್ಲಿ ಹೇಳಿದರು. ಎದುರು ವಕೀಲರ ಪಾಟೀಸವಾಲು ಮಲಯಾಳದಲ್ಲಿ. ಅಲ್ಲೇ ನಿಂತಿದ್ದ ಗುಮಾಸ್ತರೊಬ್ಬರು ಎರಡೂ ಕಡೆಯ ಮಾತನ್ನು ದಾಟಿಸಿದರು. ಕೊನೆಗೆ "ಇಲ್ಲಿ ಸಹಿ ಹಾಕಿ" ಎಂದರು. ಅಮ್ಮ ಹಾಕಿದರು.

ಹೇಳಿಕೆಯ ನಕಲು ಕೈಗೆ ಬಂದಾಗ, ಮಲಯಾಳ ಕಲಿತ ನನ್ನ ಮಗ ಓದಿದ. "ಕಲ್ಲು ಅಲ್ಲಿತ್ತೆಂದು ಗಂಡ ಹೇಳಿ ಗೊತ್ತು" ಎಂದು ಬರೆದಿತ್ತು. ಅಮ್ಮ ಹೇಳಿದ್ದು, "ನಾನೂ ನೋಡಿದ್ದೇನೆ, ನನ್ನ ಗಂಡನೂ ನೋಡಿದ್ದರು" ಎಂದು. ಕಣ್ಣಾರೆ ಕಂಡದ್ದು ಯಾರೋ ಹೇಳಿದ ಮಾತಾಗಿಬಿಟ್ಟಿತು. ಅಂಥ ಮಾತನ್ನು ಕೋರ್ಟು ಸಾಮಾನ್ಯವಾಗಿ ಸಾಕ್ಷ್ಯವೆಂದೇ ಒಪ್ಪುವುದಿಲ್ಲ. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. "ನಾನು ಸುಳ್ಳು ಹೇಳಿದ ಹಾಗಾಯ್ತಲ್ಲ" ಎಂಬುದೊಂದೇ ಮಾತು.

ಹೀಗಾಗಬಾರದು ಎಂದೇ ನಿಯಮ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 6ನೇ ನಿಯಮ ಸ್ಪಷ್ಟವಾಗಿದೆ: ಸಾಕ್ಷಿ ಮಾತಾಡಿದ್ದು ಒಂದು ಭಾಷೆಯಲ್ಲಿ, ಬರೆದುಕೊಂಡದ್ದು ಅವರಿಗೆ ತಿಳಿಯದ ಇನ್ನೊಂದರಲ್ಲಿ ಎಂದಾದರೆ, ಬರೆದದ್ದನ್ನು ಅವರ ಭಾಷೆಯಲ್ಲೇ ತಿಳಿಸಬೇಕು. ಕ್ರಿಮಿನಲ್ ಕೇಸುಗಳಿಗೂ ಇಂಥದ್ದೇ ರಕ್ಷಣೆ ಇದೆ. 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದನ್ನು ಉಳಿಸಿಕೊಂಡಿದ್ದಾರೆ. ಇದನ್ನೆಲ್ಲ ನಮಗೆ ವಕೀಲರು ಹೇಳಿದ್ದು ನಕಲು ಬಂದ ಮೇಲೆ!

ಕಾಸರಗೋಡಿಗೆ ಕನ್ನಡ ಹೊಸದಲ್ಲ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ನಮ್ಮ ಅಜ್ಜನ ಆಸ್ತಿ ಪತ್ರಗಳೆಲ್ಲ ಕನ್ನಡದಲ್ಲೇ ಇವೆ. ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ಕೇರಳದ್ದೇ ಅಧಿಕೃತ ಭಾಷಾ ಕಾಯಿದೆ ಕೊಟ್ಟಿದೆ. ಸುಪ್ರೀಂ ಕೋರ್ಟಿನ ತೀರ್ಪುಗಳೂ ಈಗ ಕನ್ನಡಕ್ಕೆ ಅನುವಾದವಾಗುತ್ತಿವೆ. ದಿಲ್ಲಿಯಲ್ಲಿ ಆಗುವುದು ನಮ್ಮ ಜಿಲ್ಲೆಯಲ್ಲಿ ಯಾಕೆ ಕಷ್ಟ?

ತಿರುವನಂತಪುರದ ಕಡೆಯಿಂದ ವರ್ಗವಾಗಿ ಬರುವ ನ್ಯಾಯಾಧೀಶರು ಕನ್ನಡ ಕಲಿತೇ ಬರಬೇಕು ಎಂದು ನಾನು ಹೇಳುವುದಿಲ್ಲ. ಅವತ್ತಿನ ಗುಮಾಸ್ತರ ಮೇಲೂ ಸಿಟ್ಟಿಲ್ಲ. ಅದು ಅವರ ಕೆಲಸವೇ ಅಲ್ಲ. ಆದರೆ ಎರಡೂ ಭಾಷೆ ಸರಿಯಾಗಿ ಬಲ್ಲ, ಸಂಬಳ ಪಡೆಯುವ, ತನ್ನ ಅನುವಾದಕ್ಕೆ ತಾನೇ ಸಹಿ ಹಾಕುವ ದುಭಾಷಿ ಬೇಕೇ ಬೇಕು. ಮಂಜೇಶ್ವರ, ಕಾಸರಗೋಡು ತಾಲೂಕಿನ ಕೇಸುಗಳು ಬರುವ ಪ್ರತಿ ಕೋರ್ಟಿಗೂ ಬೇಕು. "ಕನ್ನಡದಲ್ಲಿ ಓದಿ ಹೇಳಲಾಗಿದೆ" ಎಂಬ ಸಾಲು ಹೇಳಿಕೆಯ ಕೊನೆಗೆ ಬರಲಿ. ಎರ್ನಾಕುಲಂನ ಹೈಕೋರ್ಟು ಈ ಬಗ್ಗೆ ಆದೇಶ ಕೊಡಬೇಕು. ನಮ್ಮ ಜಿಲ್ಲೆಯ ವಕೀಲರು ಒಟ್ಟಾಗಿ ಅದನ್ನು ಕೇಳಬೇಕು.

ಅಮ್ಮನನ್ನು ಮತ್ತೆ ಸಾಕ್ಷಿಗೆ ಕರೆಸಲು ನೆರೆಯವರ ವಕೀಲರು ಅರ್ಜಿ ಹಾಕಿದ್ದಾರೆ. ಎದುರು ಕಡೆಯವರು ಬೇಡ ಎನ್ನುತ್ತಿದ್ದಾರೆ, ಕೇಸು ಮತ್ತೆ ಮುಂದಕ್ಕೆ ಹೋಗಿದೆ. ಸಾಕ್ಷಿ ಸಮನ್ಸ್ ಬಂದ ಕನ್ನಡಿಗರಲ್ಲಿ ಒಂದು ವಿನಂತಿ. ಓದಲು ಬಾರದ ಕಾಗದಕ್ಕೆ ಸುಮ್ನೆ ಸಹಿ ಹಾಕಬೇಡಿ. ಕಟಕಟೆಯಿಂದ ಇಳಿಯುವ ಮೊದಲೇ, ನ್ಯಾಯಾಧೀಶರಿಗೇ ಕೇಳುವಂತೆ, "ನನಗೆ ಕನ್ನಡದಲ್ಲಿ ಓದಿ ಹೇಳಿ" ಎಂದು ಕೇಳಿ.

– ಕೃಷಿಕ ಮಹಿಳೆ, ಪೆರ್ಲ
(ಕೇಸು ನಡೆಯುತ್ತಿರುವುದರಿಂದ ದಯವಿಟ್ಟು ಹೆಸರು ಪ್ರಕಟಿಸಬೇಡಿ)