ಗೊರವಂಕ ಒಯ್ದ ಓಲೆ

ಪ್ರೀತಿಯ ಶಿವು,

ಹೋದ ಶನಿವಾರ ಮಗಳನ್ನು ಕರಕೊಂಡು ವೇಲ್ಸ್‌ಗೆ ಹೋಗಿದ್ದೆ ಕಣೋ. ಅಲ್ಲಿ ಮಖಂತ್ಲೆತ್ ಹತ್ತಿರ ಕೊರಿಸ್ ಅಂತ ಒಂದು ಸಣ್ಣ ಊರು. ಬೆಟ್ಟದ ಹೊಟ್ಟೆಯಲ್ಲಿ ಹಳೆಯ ಸ್ಲೇಟುಕಲ್ಲಿನ ಗಣಿ. 1970ರ ಸುಮಾರಿಗೆ ಮುಚ್ಚಿಹೋಗಿದ್ದ ಅದರೊಳಗೆ ಈಗ ‘ಕಿಂಗ್ ಆರ್ಥರ್ಸ್ ಲ್ಯಾಬಿರಿಂತ್’ ಅಂತ ಮಾಡಿ, ವೇಲ್ಸ್‌ನ ಪುರಾಣ ಕಥೆಗಳನ್ನು ಮಕ್ಕಳಿಗೆ ತೋರಿಸುತ್ತಾರೆ.

ತಲೆಗೆ ಹೆಲ್ಮೆಟ್, ಮೈಗೆ ಸ್ವೆಟರ್. ಹಳೆ ಕಾಲದ ನಿಲುವಂಗಿ ತೊಟ್ಟ ಅಂಬಿಗ ದೋಣಿ ಹತ್ತಿಸಿಕೊಂಡ. ಎದುರಿಗೆ ಜಲಪಾತ, ಅದನ್ನು ದಾಟಿದರೆ ಕತ್ತಲು. ಮಗಳು ನನ್ನ ತೋಳು ಬಿಡಲೇ ಇಲ್ಲ. ದೋಣಿ ಇಳಿದ ಮೇಲೆ ಸುರಂಗದಲ್ಲಿ ನಡಿಗೆ. ಗೋಡೆ ಮುಟ್ಟಿ ನೋಡಿದೆ, ತಣ್ಣಗೆ, ಒದ್ದೆಯಾಗಿ, ಪದರ ಪದರವಾಗಿತ್ತು. ನಾವು ಎಂಜಲು ಹಚ್ಚಿ ಒರೆಸಿ ಬರೆಯುತ್ತಿದ್ದೆವಲ್ಲ, ಅದೇ ಸ್ಲೇಟಿನ ಕಲ್ಲು!

ಒಂದೊಂದು ಗುಹೆಗೂ ಒಂದೊಂದು ಕಥೆ. ಆರ್ಥರ್ ರಾಜ, ಕೆಂಪು ಡ್ರ್ಯಾಗನ್ ಎಲ್ಲ ಸರಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆಂಡಿಗೈಡ್ವ್ರಾನ್ ಎಂಬ ದೈತ್ಯ ರಾಜ. ಯಾವ ಮನೆಯೊಳಗೂ ಹಿಡಿಸದಂಥ ಆಳು. ಇವನ ತಂಗಿಯ ಕಥೆಯನ್ನು ನಾನು ಮೊದಲೇ ಓದಿದ್ದೆ. ವಾಪಸು ಬರುವಾಗ ಕಾರಿನಲ್ಲಿ ಮಗಳಿಗೆ ಪೂರ್ತಿ ಹೇಳಿದೆ.

ತಂಗಿ ಬ್ರಾನ್ವೆನ್‌ಳನ್ನು ಐರ್ಲೆಂಡಿನ ರಾಜನಿಗೆ ಕೊಟ್ಟಿದ್ದರು. ಮದುವೆಗೆ ಬಂದ ಬೀಗರ ಕುದುರೆಗಳನ್ನು ಅವಳ ಮಲಣ್ಣನೊಬ್ಬ ಅಂಗಹೀನ ಮಾಡಿಬಿಟ್ಟ. ಆ ಸೇಡು ತೀರಿದ್ದು ಇವಳ ಮೇಲೆ. ರಾಣಿಯನ್ನು ಅಡುಗೆಮನೆಗೆ ತಳ್ಳಿದರು. ಕಟುಕ ದಿನಾ ಬಂದು ಅವಳ ಕಪಾಳಕ್ಕೆ ಹೊಡೆಯಬೇಕು ಅಂತ ಅಪ್ಪಣೆ. ಹೀಗೇ ಮೂರು ವರ್ಷ. ತವರಿಗೆ ಸುದ್ದಿ ಹೋಗದ ಹಾಗೆ ಹಡಗುಗಳನ್ನೇ ತಡೆದರು. ಅವಳು ಹಿಟ್ಟು ನಾದುವ ಮರಿಗೆಯ ಅಂಚಿನಲ್ಲಿ ಒಂದು ಸ್ಟಾರ್ಲಿಂಗ್ ಹಕ್ಕಿ ಸಾಕಿದಳು. ನಮ್ಮ ಗೊರವಂಕದ ಕುಲದ್ದೇ ಅದು. ಅದಕ್ಕೆ ಮಾತು ಕಲಿಸಿ, ಅಣ್ಣ ಹೇಗಿದ್ದಾನೆ ಅಂತ ಗುರುತು ಹೇಳಿ, ರೆಕ್ಕೆಯ ಬುಡಕ್ಕೆ ಓಲೆ ಕಟ್ಟಿ ಹಾರಿಬಿಟ್ಟಳು.

ಓಲೆ ಓದಿದ ಅಣ್ಣ ಸಮುದ್ರವನ್ನು ನಡೆದೇ ದಾಟಿದ. ಅಲ್ಲಿ ನದಿಗೆ ಸೇತುವೆ ಇರಲಿಲ್ಲ. ತಾನೇ ಅಡ್ಡ ಮಲಗಿ, ಸೈನ್ಯವನ್ನೆಲ್ಲ ಮೈಮೇಲೆ ದಾಟಿಸಿದ. ‘ನಾಯಕನಾಗುವವನು ಸೇತುವೆಯಾಗಲಿ’ ಅಂದನಂತೆ. ವೇಲ್ಸ್‌ನಲ್ಲಿ ಅದು ಈಗಲೂ ಗಾದೆ. ಕೊನೆಗೆ ಯುದ್ಧವಾಗಿ ಎರಡೂ ಕಡೆ ಹೆಣ ಬಿದ್ದವು. ನನ್ನಿಂದ ಎರಡು ದೇಶ ಹಾಳಾದವಲ್ಲ ಅಂತ ಎದೆಯೊಡೆದು ಅವಳೂ ಸತ್ತಳು.

ಮಗಳು ತುಂಬ ಹೊತ್ತು ಸುಮ್ಮನಿದ್ದು, ‘ಅಪ್ಪಾ, ಆ ಹಕ್ಕಿ ಏನಾಯ್ತು?’ ಅಂದಳು. ಆ ಕಥೆಯಲ್ಲಿ ಅದು ಬರುವುದಿಲ್ಲ ಕಣೋ.

ಆಗ ನಿಮ್ಮಮ್ಮ ನೆನಪಾದರು. ಅವರು ರಾಗಿ ಬೀಸುತ್ತ ತವರಿನ ಪದ ಹೇಳುವಾಗ ನಾವು ಜಗಲಿಯಲ್ಲಿ ಮಲಗಿ ಕೇಳುತ್ತಿದ್ದೆವು. ಅಣ್ಣ ಬರುವ ದಾರಿ ಕಾಯುವ ಹೆಣ್ಣು ಅವರ ಪದಗಳಲ್ಲೂ ಇದ್ದಳಲ್ಲವಾ? ಅಮ್ಮನಿಗೆ ಗಂಟಲು ಸರಿಯಿದ್ದರೆ ಒಂದೆರಡು ಪದ ಹೇಳಿಸಿ ಫೋನಿನಲ್ಲಿ ಹಿಡಿದು ಕಳಿಸು. ಇವಳಿಗೆ ಕೇಳಿಸಬೇಕು.

ನಿನ್ನ,
ರಾಜು